ಹಿರಿಯರ ವಸತಿ ಸಮುದಾಯದಲ್ಲಿ ಅಪಾರ್ಟ್‌ಮೆಂಟ್ ಆರಿಸುವ ಬಗೆ: ಹಂತ ಹಂತದ ಮಾರ್ಗದರ್ಶಿ

ಹಿರಿಯರಿಗೆಂದೇ ಕಟ್ಟಿದ ವಸತಿ ಸಮುದಾಯದಲ್ಲಿ ಮನೆ ನೋಡಲು ಹೋದವರಿಗೆ ಮೊದಲು ತೋರಿಸುವುದು ಉದ್ಯಾನ, ಗ್ರಂಥಾಲಯ, ಭೋಜನಶಾಲೆ ಮತ್ತು ಅಚ್ಚುಕಟ್ಟಾಗಿ ಸಿಂಗರಿಸಿದ ಒಂದು ಮಾದರಿ ಮನೆ. ಇವೆಲ್ಲ ಬೇಕಾದವೇ. ಆದರೆ ಅಲ್ಲಿ ಹತ್ತು ಹದಿನೈದು ವರ್ಷ ಬಾಳಬೇಕಾದವರ ನೆಮ್ಮದಿಯನ್ನು ನಿರ್ಧರಿಸುವ ಪ್ರಶ್ನೆಗಳು ಬೇರೆ ಇವೆ. ರಾತ್ರಿ ಎರಡು ಗಂಟೆಗೆ ಹಾಸಿಗೆಯಿಂದ ಎದ್ದು ಶೌಚಾಲಯಕ್ಕೆ ಹೋಗುವ ದಾರಿ ಎಷ್ಟು ಸುರಕ್ಷಿತವಾಗಿದೆ? ಸ್ನಾನಕ್ಕೆ ಇನ್ನೊಬ್ಬರ ಕೈ ಬೇಕಾದ ದಿನವೂ ಅದೇ ಮನೆಯಲ್ಲಿ ಇರಲು ಬಿಡುತ್ತಾರೆಯೇ? ಮನೆ ತೆರವು ಮಾಡಿದ ಮೇಲೆ ಕಟ್ಟಿದ ಹಣ ಯಾವಾಗ ಕೈಗೆ ಬರುತ್ತದೆ? ಇನ್ನು ಹತ್ತು ವರ್ಷದ ನಂತರ ಇರಬಹುದಾದ ದೇಹಸ್ಥಿತಿಯನ್ನು ಕಣ್ಣಮುಂದೆ ಇಟ್ಟುಕೊಂಡೇ ಇಂದಿನ ಮನೆಯನ್ನು ಆರಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಮುಂದಿನ ಹಂತಗಳನ್ನೆಲ್ಲ ಆ ದೃಷ್ಟಿಯಿಂದಲೇ ಜೋಡಿಸಿದ್ದೇನೆ.

ಹಂತ 1: ಅಗತ್ಯವನ್ನು ಬರೆದಿಟ್ಟುಕೊಳ್ಳಿ

ಮನೆ ನೋಡಲು ಹೊರಡುವ ಮುನ್ನ ಅಲ್ಲಿ ವಾಸಿಸುವವರ ಇಂದಿನ ಸ್ಥಿತಿಯನ್ನು ಕಾಗದದ ಮೇಲೆ ಇಳಿಸಿ. ಇದಕ್ಕೆ ವೈದ್ಯಕೀಯ ವಲಯದಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಎರಡು ಪಟ್ಟಿಗಳು ನೆರವಾಗುತ್ತವೆ. ಸಿಡ್ನಿ ಕಾಟ್ಜ್ ಮತ್ತು ಅವರ ಸಹೋದ್ಯೋಗಿಗಳು 1963ರಲ್ಲಿ ಪ್ರಕಟಿಸಿದ ಮೊದಲ ಪಟ್ಟಿಯಲ್ಲಿ ಆರು ಮೂಲಭೂತ ಕೆಲಸಗಳಿವೆ: ಸ್ನಾನ, ಉಡುಪು ಧರಿಸುವುದು, ಶೌಚಾಲಯದ ಬಳಕೆ, ಹಾಸಿಗೆ ಅಥವಾ ಕುರ್ಚಿಯಿಂದ ಏಳುವುದು, ಮಲಮೂತ್ರದ ಮೇಲಿನ ಹಿಡಿತ, ತಾವಾಗಿ ಊಟ ಮಾಡುವುದು. ಲಾಟನ್ ಮತ್ತು ಬ್ರಾಡಿ 1969ರಲ್ಲಿ ರೂಪಿಸಿದ ಎರಡನೆಯ ಪಟ್ಟಿಯಲ್ಲಿ ದೂರವಾಣಿ ಬಳಕೆ, ಖರೀದಿ, ಅಡುಗೆ, ಮನೆಗೆಲಸ, ಬಟ್ಟೆ ಒಗೆಯುವುದು, ಪ್ರಯಾಣ, ಔಷಧಿ ಸೇವನೆ, ಹಣಕಾಸಿನ ವ್ಯವಹಾರ ಎಂಬ ಎಂಟು ಕೆಲಸಗಳಿವೆ. ಪ್ರತಿಯೊಂದರ ಎದುರು "ತಾವೇ ಮಾಡುತ್ತಾರೆ", "ಸ್ವಲ್ಪ ನೆರವು ಬೇಕು", "ಪೂರ್ತಿ ನೆರವು ಬೇಕು" ಎಂದು ಗುರುತು ಹಾಕಿ. ದಂಪತಿಗಳಾಗಿದ್ದರೆ ಇಬ್ಬರಿಗೂ ಬೇರೆ ಬೇರೆ ಪಟ್ಟಿ ಮಾಡಬೇಕು, ಏಕೆಂದರೆ ಒಬ್ಬರ ಕೊರತೆಯನ್ನು ಇನ್ನೊಬ್ಬರು ವರ್ಷಗಟ್ಟಲೆ ತುಂಬುತ್ತಾ ಬಂದಿರುವುದರಿಂದ ಅದು ಮನೆಯವರ ಕಣ್ಣಿಗೂ ಬಿದ್ದಿರುವುದಿಲ್ಲ.

ಎರಡನೆಯ ಪಟ್ಟಿಯಲ್ಲಿ ಮಾತ್ರ ಕೆಲವು ಕೊರತೆಗಳಿದ್ದರೆ ಸ್ವತಂತ್ರ ವಾಸದ ಮನೆ ಸಾಕಾಗಬಹುದು. ಮೊದಲ ಪಟ್ಟಿಯಲ್ಲೇ ಕೊರತೆಗಳು ಕಾಣಿಸಿಕೊಂಡಿದ್ದರೆ ಆರೈಕೆಯ ವ್ಯವಸ್ಥೆ ಇರುವ ವಿಭಾಗವನ್ನು ಈಗಲೇ ನೋಡುವುದು ಒಳ್ಳೆಯದು. ನಡಿಗೆಯ ಸ್ಥಿರತೆಯನ್ನು ಅಂದಾಜು ಮಾಡಲು ಸುಲಭವಾದ ಒಂದು ಪರೀಕ್ಷೆಯಿದೆ: ಕುರ್ಚಿಯಿಂದ ಎದ್ದು, 3 ಮೀಟರ್ ಎಂದಿನ ವೇಗದಲ್ಲಿ ನಡೆದು, ತಿರುಗಿ ಬಂದು ಕುಳಿತುಕೊಳ್ಳುವುದು. ಇದಕ್ಕೆ 12 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಬೇಕಾದರೆ ಬೀಳುವ ಅಪಾಯವಿದೆ ಎಂದು ತಿಳಿದು ವೈದ್ಯರ ಸಲಹೆ ಪಡೆಯಬೇಕು. ಪರೀಕ್ಷೆ ಮಾಡುವಾಗ ಪಕ್ಕದಲ್ಲಿ ಯಾರಾದರೂ ನಿಂತಿರಲಿ.

ಈ ಹಂತದಲ್ಲಿ ಮಕ್ಕಳಿಗೆ ಒಂದು ಮಾತು. ತಂದೆತಾಯಿಗಳ ಪರವಾಗಿ ನಿರ್ಧಾರ ಮಾಡಿ, ಕೊನೆಗೆ ಅವರ ಸಹಿ ಪಡೆಯುವ ಕ್ರಮ ಸಲ್ಲದು. ಆ ಮನೆಯಲ್ಲಿ ದಿನ ಕಳೆಯುವವರು ಅವರು. ಯಾವುದನ್ನು ಬಿಟ್ಟಿರಲಾರೆವು ಎಂಬುದನ್ನು, ಅದು ಒಂದು ಹಿಡಿ ಮಣ್ಣಿನ ಕುಂಡವಿರಲಿ, ಬೆಳಗಿನ ಒಂಟಿ ನಡಿಗೆಯಿರಲಿ, ಅವರ ಬಾಯಿಂದಲೇ ಕೇಳಿ ಪಟ್ಟಿಗೆ ಸೇರಿಸಿ.

ಹಂತ 2: ವಾಸದ ಬಗೆಗಳನ್ನು ತಿಳಿದುಕೊಳ್ಳಿ

ಹೆಸರುಗಳು ಊರಿಗೊಂದು, ಸಂಸ್ಥೆಗೊಂದು ಇರಬಹುದು. ಒಳಗಿರುವ ವ್ಯವಸ್ಥೆ ಮಾತ್ರ ಸಾಮಾನ್ಯವಾಗಿ ನಾಲ್ಕು ಬಗೆಯದು. ಸ್ವತಂತ್ರ ವಾಸದ ಅಪಾರ್ಟ್‌ಮೆಂಟಿನಲ್ಲಿ ಹಿರಿಯರು ತಮ್ಮ ಮನೆಯನ್ನು ತಾವೇ ನಡೆಸುತ್ತಾರೆ. ಭದ್ರತೆ, ದುರಸ್ತಿ, ಸ್ವಚ್ಛತೆ, ಬೇಕಾದರೆ ಊಟ ಇವನ್ನು ಸಮುದಾಯ ಒದಗಿಸುತ್ತದೆ. ನೆರವಿನ ವಾಸದಲ್ಲಿ ಸ್ನಾನ, ಉಡುಪು, ಔಷಧಿಯಂಥ ದಿನನಿತ್ಯದ ಕೆಲಸಗಳಿಗೆ ಸಿಬ್ಬಂದಿ ಮನೆಗೇ ಬರುತ್ತಾರೆ. ಮರೆವಿನ ಕಾಯಿಲೆ ಇರುವವರ ವಿಭಾಗದಲ್ಲಿ ದಾರಿ ತಪ್ಪದಂತೆ ಬಾಗಿಲುಗಳ ಮೇಲೆ ನಿಗಾ, ಸರಳವಾದ ವಿನ್ಯಾಸ ಮತ್ತು ತರಬೇತಿ ಪಡೆದ ಸಿಬ್ಬಂದಿ ಇರಬೇಕು. ಶುಶ್ರೂಷಾ ವಿಭಾಗದಲ್ಲಿ ದಾದಿಯರ ಆರೈಕೆ ಹಗಲೂ ರಾತ್ರಿ ದೊರೆಯುತ್ತದೆ.

ಈ ನಾಲ್ಕೂ ಒಂದೇ ಆವರಣದಲ್ಲಿರುವ ಸಮುದಾಯಗಳೂ ಇವೆ. ಒಬ್ಬರಿಗೆ ಹೆಚ್ಚಿನ ಆರೈಕೆ ಬೇಕಾದಾಗ ಇನ್ನೊಬ್ಬರು ಊರು ಬಿಡಬೇಕಾಗಿಲ್ಲ, ನಡೆದು ಹೋಗಿ ದಿನವೂ ನೋಡಬಹುದು ಎಂಬ ಕಾರಣಕ್ಕೆ ದಂಪತಿಗಳಿಗೆ ಇದು ಬಹಳ ದೊಡ್ಡ ಅನುಕೂಲ. ಆದರೂ "ಎಲ್ಲ ಆರೈಕೆಯೂ ಇಲ್ಲಿದೆ" ಎಂಬ ಮಾತನ್ನು ಅಷ್ಟಕ್ಕೇ ಬಿಡಬೇಡಿ. ಶುಶ್ರೂಷಾ ವಿಭಾಗದಲ್ಲಿ ಎಷ್ಟು ಹಾಸಿಗೆಗಳಿವೆ, ಸಮುದಾಯದ ನಿವಾಸಿಗಳಿಗೆ ಆದ್ಯತೆ ಇದೆಯೇ, ಹಾಸಿಗೆ ಖಾಲಿ ಇಲ್ಲದಿದ್ದರೆ ಏನು ಮಾಡುತ್ತಾರೆ, ಯಾವ ಬಗೆಯ ರೋಗಿಗಳನ್ನು ಅವರು ಇಟ್ಟುಕೊಳ್ಳುವುದಿಲ್ಲ ಎಂದು ಕೇಳಿ. ಇವುಗಳಿಗಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿದೆ: ನೆರವು ಬೇಕಾದಾಗ ಅದು ನಾವಿರುವ ಮನೆಗೆ ಬರುತ್ತದೆಯೇ, ಅಥವಾ ನಾವೇ ಬೇರೆ ಕಟ್ಟಡಕ್ಕೆ ಹೋಗಬೇಕೇ? ಎಂಬತ್ತೈದರ ವಯಸ್ಸಿನಲ್ಲಿ ಮತ್ತೊಮ್ಮೆ ಮನೆ ಬದಲಿಸುವುದು ದೇಹಕ್ಕೂ ಮನಸ್ಸಿಗೂ ದೊಡ್ಡ ಪೆಟ್ಟು. ಆದ್ದರಿಂದ ನೆರವು ಮನೆ ಬಾಗಿಲಿಗೆ ಬರುವ ಸಮುದಾಯ ತುಸು ದುಬಾರಿಯಾದರೂ ಅದಕ್ಕೇ ನನ್ನ ಒಲವು.

ಹಂತ 3: ಮನೆಯ ಗಾತ್ರ ಮತ್ತು ಜಾಗವನ್ನು ತೀರ್ಮಾನಿಸಿ

ಮಲಗುವುದು, ಕೂರುವುದು, ಪುಟ್ಟ ಅಡುಗೆ ಎಲ್ಲವೂ ಒಂದೇ ಕೋಣೆಯಲ್ಲಿರುವ ಸ್ಟುಡಿಯೋ ಮನೆಯನ್ನು ನೋಡಿಕೊಳ್ಳುವುದು ಸುಲಭ, ಶುಲ್ಕವೂ ಕಡಿಮೆ. ಒಂಟಿಯಾಗಿರುವವರು, ದಿನದ ಬಹುಭಾಗವನ್ನು ಸಾಮೂಹಿಕ ಜಾಗಗಳಲ್ಲಿ ಕಳೆಯುವವರು ಅದನ್ನು ಆರಿಸಬಹುದು. ಆದರೆ ಕಾಯಿಲೆ ಬಿದ್ದು ರಾತ್ರಿ ಸಹಾಯಕರೊಬ್ಬರು ಉಳಿಯಬೇಕಾದಾಗ ಅಲ್ಲಿ ಇಬ್ಬರಿಗೂ ಮರೆಯಿರುವುದಿಲ್ಲ. ಒಂದು ಮಲಗುವ ಕೋಣೆಯ ಮನೆಯಲ್ಲಿ ಹೊರಗಿನ ಕೋಣೆ ಈ ಕೊರತೆಯನ್ನು ನೀಗಿಸುತ್ತದೆ. ಹೆಚ್ಚಿನವರಿಗೆ ಇದೇ ಹದವಾದ ಗಾತ್ರ. ಎರಡು ಮಲಗುವ ಕೋಣೆಯ ಮನೆಯನ್ನು ಮಕ್ಕಳು ಬಂದು ಉಳಿಯುತ್ತಾರೆ ಎಂಬ ಒಂದೇ ಕಾರಣಕ್ಕೆ ಕೊಳ್ಳುವವರು ಬಹಳ. ವರ್ಷಕ್ಕೆ ಎರಡು ವಾರದ ಬಳಕೆಗಾಗಿ ಐವತ್ತೆರಡು ವಾರದ ಶುಲ್ಕ ಕಟ್ಟುವ ಮೊದಲು ಆವರಣದಲ್ಲಿ ಅತಿಥಿ ಕೋಣೆ ದಿನದ ಬಾಡಿಗೆಗೆ ಸಿಗುತ್ತದೆಯೇ ಎಂದು ವಿಚಾರಿಸಿ. ದಂಪತಿಗಳಲ್ಲಿ ಒಬ್ಬರ ನಿದ್ರೆ ಇನ್ನೊಬ್ಬರ ಕಾಯಿಲೆಯಿಂದ ಕೆಡುತ್ತಿದ್ದರೆ, ಸಹಾಯಕರು ಕಾಯಂ ಆಗಿ ಜೊತೆಗಿರಬೇಕಾಗಿದ್ದರೆ ಎರಡನೆಯ ಕೋಣೆಗೆ ನಿಜವಾದ ಅರ್ಥವಿದೆ.

ಮಹಡಿಯ ವಿಚಾರದಲ್ಲಿ ನೆಲಮಹಡಿಯ ಮನೆ ತುರ್ತಿನಲ್ಲಿ ಹೊರಬರಲು ಸುಲಭ. ಮೇಲಿನ ಮಹಡಿಯಲ್ಲಿ ಗಾಳಿ, ಬೆಳಕು, ಏಕಾಂತ ಹೆಚ್ಚು. ಮೇಲಿನ ಮನೆ ಬೇಕೆಂದರೆ ಒಂದಕ್ಕಿಂತ ಹೆಚ್ಚು ಲಿಫ್ಟ್ ಇರಬೇಕು, ವಿದ್ಯುತ್ ಹೋದಾಗಲೂ ಅವುಗಳಲ್ಲಿ ಒಂದಾದರೂ ನಡೆಯಬೇಕು. ಗಾಲಿಕುರ್ಚಿ ಮತ್ತು ಜೊತೆಗೊಬ್ಬರು ನಿಲ್ಲಲು ಲಿಫ್ಟಿನ ಒಳಭಾಗ ಕನಿಷ್ಠ 110 ಸೆಂಟಿಮೀಟರ್ ಅಗಲ, 140 ಸೆಂಟಿಮೀಟರ್ ಆಳ ಇರಬೇಕು. ಸ್ಟ್ರೆಚರ್ ಹಿಡಿಸಬೇಕಾದರೆ ಆಳ ಎರಡು ಮೀಟರಿಗಿಂತ ಹೆಚ್ಚು ಬೇಕಾಗುತ್ತದೆ. ಮನೆಯಿಂದ ಲಿಫ್ಟಿಗೆ, ಲಿಫ್ಟಿನಿಂದ ಭೋಜನಶಾಲೆಗೆ ಇರುವ ದೂರವನ್ನು ಹಿರಿಯರೊಂದಿಗೆ ಅವರ ವೇಗದಲ್ಲೇ ನಡೆದು ನೋಡಿ. ಉದ್ದನೆಯ ಪಡಸಾಲೆಯ ತುದಿಯ ಮನೆ ಪ್ರಶಾಂತವಾಗಿರುತ್ತದೆ, ನಿಜ. ಮೊಣಕಾಲು ನೋವು ಹೆಚ್ಚಾದ ಮೇಲೆ ಅದೇ ದೂರ ಊಟದ ಮನೆಗೆ ಹೋಗುವುದನ್ನೇ ತಪ್ಪಿಸಿ, ಜನರ ಸಂಗದಿಂದ ದೂರ ಮಾಡಬಹುದು. ನಡುನಡುವೆ ಕೂರಲು ಕುರ್ಚಿಗಳಿವೆಯೇ, ಗೋಡೆಗುಂಟ ಹಿಡಿಕೆಯ ಸರಳು ಇದೆಯೇ ಎಂದು ಗಮನಿಸಿ.

ಹಂತ 4: ಅಳತೆಪಟ್ಟಿ ಹಿಡಿದು ಮನೆಯೊಳಗೆ ನಡೆಯಿರಿ

ಈ ಹಂತಕ್ಕೆ ಸಮಯ ಧಾರಾಳವಾಗಿ ಕೊಡಿ. ಬೀಳುವುದರಿಂದ ಜಗತ್ತಿನಲ್ಲಿ ಪ್ರತಿ ವರ್ಷ ಸುಮಾರು 6,84,000 ಮಂದಿ ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಅವರಲ್ಲಿ ದೊಡ್ಡ ಪಾಲು ಅರವತ್ತು ದಾಟಿದವರದು. ಮನೆಯ ವಿನ್ಯಾಸ ಸರಿಯಿದ್ದರೆ ಈ ಅಪಾಯವನ್ನು ಬಹಳ ಮಟ್ಟಿಗೆ ತಗ್ಗಿಸಬಹುದು.

ಮೊದಲು ಹಾಸಿಗೆ ಇಡುವ ಜಾಗದಲ್ಲಿ ನಿಂತು, ಅಲ್ಲಿಂದ ಶೌಚಾಲಯದವರೆಗೆ ನಡೆಯಿರಿ. ದಾರಿ ನೇರವಾಗಿರಬೇಕು, ನಡುವೆ ಹೊಸ್ತಿಲು ಇರಬಾರದು. ಇದ್ದರೂ ಅದರ ಎತ್ತರ ಒಂದೂಕಾಲು ಸೆಂಟಿಮೀಟರ್ ದಾಟದಂತೆ, ಅಂಚು ಇಳಿಜಾರಾಗಿರುವಂತೆ ನೋಡಿ. ಹಾಸಿಗೆಯಲ್ಲಿ ಮಲಗಿದ್ದಲ್ಲಿಂದಲೇ ಕೈಗೆ ಸಿಗುವ ದೀಪದ ಸ್ವಿಚ್ ಬೇಕು. ನೆಲದ ಮಟ್ಟದಲ್ಲಿ, ಚಲನೆಯನ್ನು ಗುರುತಿಸಿ ತಾನೇ ಹೊತ್ತಿಕೊಳ್ಳುವ ಮಂದ ದೀಪವಿದ್ದರೆ ಇನ್ನೂ ಒಳ್ಳೆಯದು. ಅರವತ್ತರ ವಯಸ್ಸಿಗೆ ಕಣ್ಣಿನ ಮಸೂರ ಮತ್ತು ಪಾಪೆಯಲ್ಲಿ ಆಗುವ ಬದಲಾವಣೆಗಳಿಂದ, ಇಪ್ಪತ್ತರ ವಯಸ್ಸಿನಲ್ಲಿ ಅಕ್ಷಿಪಟಲಕ್ಕೆ ತಲುಪುತ್ತಿದ್ದ ಬೆಳಕಿನ ಸರಿಸುಮಾರು ಮೂರನೆಯ ಒಂದು ಭಾಗ ಮಾತ್ರ ತಲುಪುತ್ತದೆ. ನಿಮಗೆ ಸಾಕೆನಿಸುವ ಬೆಳಕು ಅವರಿಗೆ ಸಾಲುವುದಿಲ್ಲ ಎಂಬುದನ್ನು ನೆನಪಿಡಿ.

ಬಾಗಿಲುಗಳ ತೆರಪು, ಅಂದರೆ ಬಾಗಿಲು ಪೂರ್ತಿ ತೆರೆದಾಗ ಉಳಿಯುವ ನಿಜವಾದ ಜಾಗ, ಕನಿಷ್ಠ 81 ಸೆಂಟಿಮೀಟರ್ ಇರಬೇಕು. 90 ಇದ್ದರೆ ಗಾಲಿಕುರ್ಚಿ ನಿರಾಯಾಸವಾಗಿ ಸಾಗುತ್ತದೆ. ಮುಂಬಾಗಿಲನ್ನು ಅಗಲವಾಗಿಟ್ಟು ಬಚ್ಚಲಿನ ಬಾಗಿಲನ್ನು ಕಿರಿದಾಗಿಸಿರುವ ಮನೆಗಳುಂಟು, ಆದ್ದರಿಂದ ಪ್ರತಿ ಬಾಗಿಲನ್ನೂ ಅಳೆಯಿರಿ. ಗಾಲಿಕುರ್ಚಿ ಪೂರ್ತಿ ತಿರುಗಲು 150 ಸೆಂಟಿಮೀಟರ್ ವ್ಯಾಸದ ಖಾಲಿ ಜಾಗ ಬೇಕು. ಅದು ಬಚ್ಚಲುಮನೆಯಲ್ಲೂ ಮಲಗುವ ಕೋಣೆಯಲ್ಲೂ ಇರಬೇಕು.

ಬಚ್ಚಲುಮನೆಯ ಬಾಗಿಲು ಹೊರಗೆ ತೆರೆಯಬೇಕು, ಇಲ್ಲವೇ ಪಕ್ಕಕ್ಕೆ ಸರಿಯಬೇಕು. ಒಳಗೆ ತೆರೆಯುವ ಬಾಗಿಲಿಗೆ ಅಡ್ಡವಾಗಿ ಯಾರಾದರೂ ಬಿದ್ದರೆ ಹೊರಗಿನವರು ಅದನ್ನು ನೂಕಲೂ ಆಗದು, ಮುರಿಯಲೂ ಹೆದರಬೇಕು. ಚಿಲಕವನ್ನು ಹೊರಗಿನಿಂದಲೂ ತೆಗೆಯುವಂತಿರಬೇಕು. ಕಮೋಡಿನ ಆಸನ ನೆಲದಿಂದ 43ರಿಂದ 48 ಸೆಂಟಿಮೀಟರ್ ಎತ್ತರದಲ್ಲಿದ್ದರೆ ಏಳುವುದು ಸುಲಭ. ಹಿಡಿಕೆಯ ಸರಳುಗಳು ಕಮೋಡಿನ ಪಕ್ಕದಲ್ಲೂ ಸ್ನಾನದ ಜಾಗದಲ್ಲೂ 84ರಿಂದ 91 ಸೆಂಟಿಮೀಟರ್ ಎತ್ತರದಲ್ಲಿ, ಗೋಡೆಗೂ ಸರಳಿಗೂ ನಡುವೆ ಸುಮಾರು 4 ಸೆಂಟಿಮೀಟರ್ ಬಿಟ್ಟು, ಸುಮಾರು 115 ಕಿಲೋ ಭಾರ ತಡೆಯುವಷ್ಟು ಗಟ್ಟಿಯಾಗಿ ಗೋಡೆಯೊಳಗೆ ಕೂರಿಸಿರಬೇಕು. ಟವೆಲ್ ಹಾಕುವ ಕೋಲು ಹಿಡಿಕೆಯಲ್ಲ. ಜಾರಿದಾಗ ಕೈ ಮೊದಲು ಹೋಗುವುದು ಅದರ ಕಡೆಗೇ, ಅದು ಕಿತ್ತು ಬರುತ್ತದೆ. ಸ್ನಾನದ ಜಾಗಕ್ಕೆ ಕಟ್ಟೆ ಇರಬಾರದು, ಕುಳಿತು ಸ್ನಾನ ಮಾಡಲು ಆಸನ ಮತ್ತು ಕೈಯಲ್ಲಿ ಹಿಡಿಯುವ ಶವರ್ ಇರಬೇಕು. ನಲ್ಲಿಯ ಬಿಸಿನೀರು 49 ಡಿಗ್ರಿ ಸೆಲ್ಸಿಯಸ್ ದಾಟದಂತೆ ನಿಯಂತ್ರಣ ಇದೆಯೇ ಎಂದು ಕೇಳಿ, ಏಕೆಂದರೆ 60 ಡಿಗ್ರಿಯ ನೀರು ಕೆಲವೇ ಸೆಕೆಂಡುಗಳಲ್ಲಿ ಚರ್ಮವನ್ನು ಆಳವಾಗಿ ಸುಡುತ್ತದೆ. ಸ್ಪರ್ಶಜ್ಞಾನ ಕುಂದಿದ ಕಾಲಿಗೆ ಅದು ತಿಳಿಯುವಷ್ಟರಲ್ಲಿ ತಡವಾಗಿರುತ್ತದೆ. ನೆಲವನ್ನು ಒದ್ದೆ ಮಾಡಿ ಕಾಲಿಟ್ಟು ನೋಡಿ. ನೆಲ, ಗೋಡೆ, ಕಮೋಡು ಎಲ್ಲವೂ ಒಂದೇ ಬಿಳಿ ಬಣ್ಣದಲ್ಲಿದ್ದರೆ ಕಣ್ಣು ಮಂದವಾದವರಿಗೆ ಅಂಚುಗಳು ಗೊತ್ತಾಗುವುದಿಲ್ಲ.

ಕರೆಗಂಟೆಯ ದಾರ ನೆಲದವರೆಗೂ ಇಳಿದಿರಬೇಕು. ಬಿದ್ದವರು ಎದ್ದು ನಿಂತು ಗುಂಡಿ ಒತ್ತಲಾರರು. ಅನುಮತಿ ಪಡೆದು ಒಮ್ಮೆ ಅದನ್ನು ಎಳೆಯಿರಿ. ಯಾರು ಬರುತ್ತಾರೆ, ಎಷ್ಟು ಹೊತ್ತಿಗೆ ಬರುತ್ತಾರೆ ಎಂಬುದು ಯಾವ ಪುಸ್ತಿಕೆಯೂ ಹೇಳದ ಉತ್ತರವನ್ನು ಕೊಡುತ್ತದೆ.

ಅಡುಗೆಮನೆ, ಬಾಲ್ಕನಿಗಳನ್ನು ಬೇಗ ಮುಗಿಸಬಹುದು. ಒಲೆ ತಾನಾಗಿ ಆರುವ ವ್ಯವಸ್ಥೆಯಿರಲಿ, ದಿನಬಳಕೆಯ ಕಪಾಟು ಸ್ಟೂಲ್ ಹತ್ತದೆ ಕೈಗೆಟುಕಲಿ, ಬಾಲ್ಕನಿಯ ನೆಲ ಒಳಗಿನ ನೆಲದ ಮಟ್ಟಕ್ಕೇ ಇರಲಿ. ಕಟ್ಟಡದ ಪ್ರವೇಶದಲ್ಲಿ ಇಳಿಜಾರು ದಾರಿಯಿದ್ದರೆ ಅದರ ಪ್ರಮಾಣ 1:12ಕ್ಕಿಂತ ಕಡಿದಾಗಿರಬಾರದು; ಅಂದರೆ 50 ಸೆಂಟಿಮೀಟರ್ ಏರಲು 6 ಮೀಟರ್ ಉದ್ದದ ದಾರಿ ಬೇಕು.

ಹಂತ 5: ಕರಾರನ್ನು ಕೊನೆಯಿಂದ ಓದಿ

ಮನೆ ದೊರೆಯುವ ಬಗೆಗಳು ಹಲವು: ಪೂರ್ಣ ಖರೀದಿ, ದೀರ್ಘಾವಧಿ ಗುತ್ತಿಗೆ, ದೊಡ್ಡ ಠೇವಣಿ ಅಥವಾ ಪ್ರವೇಶ ಶುಲ್ಕದ ಜೊತೆಗೆ ಮಾಸಿಕ ಶುಲ್ಕ, ಬರಿಯ ತಿಂಗಳ ಬಾಡಿಗೆ. ಎಲ್ಲದರಲ್ಲೂ ಮನೆ ಬಿಡುವ ಸಂದರ್ಭದ ಷರತ್ತುಗಳನ್ನು ಮೊದಲು ಓದಿ, ಆಮೇಲೆ ಪ್ರವೇಶದ ಷರತ್ತುಗಳಿಗೆ ಬನ್ನಿ. ನಿವಾಸಿ ತೀರಿಕೊಂಡರೆ ಅಥವಾ ಮನೆ ಬಿಟ್ಟರೆ ಠೇವಣಿಯಲ್ಲಿ ಎಷ್ಟು ಪಾಲು, ಎಷ್ಟು ದಿನದೊಳಗೆ ಹಿಂದಿರುಗುತ್ತದೆ? ಮುಂದಿನವರು ಬರುವವರೆಗೆ ಹಣ ಕೊಡುವುದಿಲ್ಲ ಎಂಬ ಷರತ್ತು ಇದೆಯೇ, ಆ ಅವಧಿಯಲ್ಲಿ ಮಾಸಿಕ ಶುಲ್ಕವನ್ನು ವಾರಸುದಾರರು ಕಟ್ಟುತ್ತಲೇ ಇರಬೇಕೇ? ಖರೀದಿಸಿದ ಮನೆಯಾದರೆ, ವಯಸ್ಸಿನ ಮಿತಿ ದಾಟದ ಮಕ್ಕಳಿಗೆ ಅದು ಬಂದಾಗ ಅವರು ಅಲ್ಲಿ ವಾಸಿಸಬಹುದೇ, ಯಾರಿಗೆ ಬೇಕಾದರೂ ಮಾರಬಹುದೇ, ಮಾರಾಟದ ಬೆಲೆಯಲ್ಲಿ ಸಂಸ್ಥೆಗೆ ಪಾಲು ಹೋಗುತ್ತದೆಯೇ? ದಂಪತಿಗಳಲ್ಲಿ ಒಬ್ಬರು ಮಾತ್ರ ಉಳಿದಾಗ ಶುಲ್ಕ ಎಷ್ಟು ಇಳಿಯುತ್ತದೆ?

ಆರೈಕೆಯ ಖರ್ಚನ್ನು ಲೆಕ್ಕ ಹಾಕುವ ಕ್ರಮ ಮೂರು ಬಗೆಯದು. ಕೆಲವು ಕರಾರುಗಳಲ್ಲಿ ಮುಂದಿನ ಆರೈಕೆಯೂ ಶುಲ್ಕದಲ್ಲೇ ಸೇರಿರುತ್ತದೆ, ಕೆಲವದರಲ್ಲಿ ಇಂತಿಷ್ಟು ದಿನದ ಆರೈಕೆ ಮಾತ್ರ ಸೇರಿದ್ದು ಅದಕ್ಕಿಂತ ಹೆಚ್ಚಾದದ್ದಕ್ಕೆ ಬೇರೆ ಹಣ ಕೊಡಬೇಕಾಗುತ್ತದೆ, ಇನ್ನು ಕೆಲವದರಲ್ಲಿ ಪಡೆದ ಸೇವೆಗೆ ತಕ್ಕಂತೆ ತಿಂಗಳ ಬಿಲ್ಲು ಬರುತ್ತದೆ. ಮೊದಲನೆಯದು ಆರಂಭದಲ್ಲಿ ದುಬಾರಿ, ಕೊನೆಯದು ಕೊನೆಯಲ್ಲಿ ದುಬಾರಿ. ಶುಲ್ಕದ ಏರಿಕೆಗೆ ಮಿತಿ ಇದೆಯೇ ಎಂದು ನೋಡಿ ಹತ್ತು ವರ್ಷದ ಲೆಕ್ಕ ಹಾಕಿ: ಇಂದು 100 ಇರುವ ಶುಲ್ಕ ವರ್ಷಕ್ಕೆ ಶೇಕಡಾ 5ರಂತೆ ಏರಿದರೆ ಹತ್ತು ವರ್ಷದಲ್ಲಿ 163 ಆಗುತ್ತದೆ, ಶೇಕಡಾ 7ರಂತೆ ಏರಿದರೆ 197. ಹಿಂದಿನ ಐದು ವರ್ಷಗಳಲ್ಲಿ ನಿಜವಾಗಿ ಎಷ್ಟು ಏರಿಸಿದ್ದಾರೆಂದು ಲಿಖಿತವಾಗಿ ಕೇಳುವ ಹಕ್ಕು ನಿಮಗಿದೆಯೆಂದೇ ಭಾವಿಸಿ ಕೇಳಿ. ಕೊಡಲು ಹಿಂಜರಿಯುವ ಸಂಸ್ಥೆಯ ಬಗ್ಗೆ ಎಚ್ಚರವಾಗಿರಿ.

ಯಾವ ಸಂದರ್ಭದಲ್ಲಿ ಸಂಸ್ಥೆಯೇ ನಿವಾಸಿಯನ್ನು ಬಿಟ್ಟುಹೋಗೆಂದು ಹೇಳಬಹುದು ಎಂಬ ಕಲಮು ಬಹಳ ಮುಖ್ಯ. "ನಿವಾಸಿಯ ಅಗತ್ಯ ಸಂಸ್ಥೆಯ ಸಾಮರ್ಥ್ಯ ಮೀರಿದಾಗ" ಎಂಬಂಥ ಅಸ್ಪಷ್ಟ ಮಾತಿದ್ದರೆ, ಅದನ್ನು ತೀರ್ಮಾನಿಸುವವರು ಯಾರು, ಎಷ್ಟು ದಿನದ ಸೂಚನೆ ಕೊಡುತ್ತಾರೆ, ಆಕ್ಷೇಪಿಸಲು ದಾರಿಯುಂಟೇ ಎಂದು ಸ್ಪಷ್ಟಪಡಿಸಿಕೊಳ್ಳಿ. ಸಂಸ್ಥೆಯೇ ಕೈಬದಲಾದರೆ ಅಥವಾ ದಿವಾಳಿಯಾದರೆ ಠೇವಣಿಗೆ ಯಾವ ರಕ್ಷಣೆ ಇದೆ ಎಂಬುದನ್ನೂ ಕೇಳಬೇಕು. ಬಾಯಿಮಾತಿನ ಭರವಸೆಗಳನ್ನೆಲ್ಲ ಕರಾರಿಗೆ ಸೇರಿಸಲು ಹೇಳಿ. ಸಹಿಗೆ ಮುನ್ನ ಸಂಸ್ಥೆಯ ಸಂಬಂಧವಿಲ್ಲದ ಒಬ್ಬ ವಕೀಲರಿಗೆ ಪೂರ್ತಿ ಕರಡನ್ನು ಕೊಟ್ಟು ಓದಿಸುವುದು ಅನಿವಾರ್ಯವೆಂದೇ ನಾನು ಹೇಳುತ್ತೇನೆ. ಬದುಕಿನ ಉಳಿತಾಯದ ದೊಡ್ಡ ಭಾಗ ಹೋಗುವ ಜಾಗ ಇದು.

ಹಂತ 6: ಬೇರೆ ಬೇರೆ ಹೊತ್ತಿನಲ್ಲಿ ಹೋಗಿ, ಸಾಧ್ಯವಾದರೆ ಉಳಿದು ನೋಡಿ

ಮೊದಲ ಭೇಟಿ ಸಂಸ್ಥೆ ಹೇಳಿದ ಹೊತ್ತಿಗೇ ಆಗಲಿ. ಎರಡನೆಯದು ಸಂಜೆ ಏಳರ ನಂತರ, ಮೂರನೆಯದು ರಜೆಯ ದಿನ ಇರಲಿ, ಏಕೆಂದರೆ ಸಿಬ್ಬಂದಿ ಕಡಿಮೆಯಿರುವುದು ಆಗಲೇ. ರಾತ್ರಿ ಪಾಳಿಯಲ್ಲಿ ಎಷ್ಟು ನಿವಾಸಿಗಳಿಗೆ ಎಷ್ಟು ಮಂದಿ ಎಚ್ಚರವಾಗಿರುತ್ತಾರೆ, ಅವರಲ್ಲಿ ದಾದಿಯರು ಎಷ್ಟು, ಹತ್ತಿರದ ಆಸ್ಪತ್ರೆಗೆ ಆಂಬುಲೆನ್ಸ್ ಎಷ್ಟು ಹೊತ್ತಿನಲ್ಲಿ ಮುಟ್ಟುತ್ತದೆ ಎಂದು ಕೇಳಿ. ಕೆಲಸಗಾರರು ಬಾಗಿಲು ತಟ್ಟಿ ಒಳಗೆ ಬರುತ್ತಾರೆಯೇ, ಹಿರಿಯರನ್ನು ಹೆಸರು ಹಿಡಿದು ಗೌರವದಿಂದ ಮಾತನಾಡಿಸುತ್ತಾರೆಯೇ ಎಂಬುದನ್ನು ಸುಮ್ಮನೆ ಕುಳಿತು ಗಮನಿಸಿ. ಒಂದು ಊಟವನ್ನು ನಿವಾಸಿಗಳ ನಡುವೆ ಕುಳಿತು ಮಾಡಿ, ಸಂಸ್ಥೆಯವರು ಪಕ್ಕದಲ್ಲಿಲ್ಲದಾಗ ಅವರೊಂದಿಗೆ ಮಾತನಾಡಿ. "ಇಲ್ಲಿ ಹೇಗಿದೆ?" ಎಂದು ಕೇಳಿದರೆ ಸೌಜನ್ಯದ ಉತ್ತರ ಬರುತ್ತದೆ, "ಕೊನೆಯ ಬಾರಿ ನಲ್ಲಿ ಕೆಟ್ಟಾಗ ಸರಿಮಾಡಲು ಎಷ್ಟು ದಿನ ಹಿಡಿಯಿತು?" ಎಂದು ಕೇಳಿದರೆ ನಿಜ ಹೊರಬರುತ್ತದೆ. ನಿವಾಸಿಗಳ ಸಮಿತಿ ಇದೆಯೇ, ಅದರ ಮಾತಿಗೆ ಬೆಲೆಯಿದೆಯೇ ಎಂದೂ ವಿಚಾರಿಸಿ.

ಎರಡರಿಂದ ನಾಲ್ಕು ವಾರ ಪ್ರಾಯೋಗಿಕವಾಗಿ ಉಳಿಯುವ ಅವಕಾಶವಿದ್ದರೆ ಖಂಡಿತ ಬಳಸಿಕೊಳ್ಳಿ. ಮೊದಲ ವಾರದ ಬೇಸರವನ್ನು ಕಂಡು ಬೇಡವೆನ್ನಬೇಡಿ, ಮೊದಲ ದಿನದ ಉತ್ಸಾಹವನ್ನು ಕಂಡು ಸಹಿ ಮಾಡಬೇಡಿ. ಇದೇ ಅವಧಿಯಲ್ಲಿ ನಿಯಮಗಳನ್ನೂ ತಿಳಿಯಬಹುದು: ಅತಿಥಿಗಳು ಎಷ್ಟು ದಿನ ಉಳಿಯಬಹುದು, ಸಾಕುಪ್ರಾಣಿಗೆ ಅನುಮತಿ ಇದೆಯೇ, ತಾವೇ ನೇಮಿಸಿಕೊಂಡ ಸಹಾಯಕರನ್ನು ಒಳಗೆ ಬಿಡುತ್ತಾರೆಯೇ, ಗೋಡೆಗೆ ಒಂದು ಮೊಳೆ ಹೊಡೆಯಲು ಯಾರನ್ನು ಕೇಳಬೇಕು.

ಹಂತ 7: ಸ್ಥಳಾಂತರ ಮತ್ತು ಮೊದಲ ಮೂರು ತಿಂಗಳು

ಹೊಸ ಮನೆಯ ನಕ್ಷೆಯನ್ನು ಅಳತೆಯೊಂದಿಗೆ ತರಿಸಿಕೊಂಡು, ಯಾವ ಪೀಠೋಪಕರಣ ಎಲ್ಲಿ ಬರುತ್ತದೆಂದು ಹೊರಡುವ ಮೊದಲೇ ಗುರುತಿಸಿ. ಜಾಗ ಚಿಕ್ಕದಾದ್ದರಿಂದ ಬಿಟ್ಟುಬರಬೇಕಾದವು ಬಹಳ ಇರುತ್ತವೆ. ಅವನ್ನು ಆರಿಸುವ ಕೆಲಸಕ್ಕೆ ವಾರಗಳಷ್ಟು ಬಿಡುವು ಕೊಡಿ, ಒಂದೇ ದಿನದಲ್ಲಿ ಮುಗಿಸಬೇಡಿ. ಹಳೆಯ ಮನೆಯಲ್ಲಿ ಹಾಸಿಗೆಯಿಂದ ಎಡಕ್ಕೆ ಇಳಿದು ಶೌಚಾಲಯಕ್ಕೆ ಹೋಗುವ ರೂಢಿಯಿದ್ದರೆ, ಹೊಸ ಮನೆಯಲ್ಲೂ ಹಾಸಿಗೆಯನ್ನು ಹಾಗೆಯೇ ಇಡಲು ಪ್ರಯತ್ನಿಸಿ. ಅರೆನಿದ್ರೆಯಲ್ಲಿ ಕಾಲು ರೂಢಿಯ ದಿಕ್ಕಿಗೇ ಹೋಗುತ್ತದೆ. ಮರೆವು ಆರಂಭವಾಗಿರುವವರಿಗೆ ಹಳೆಯ ಗಡಿಯಾರ, ಹಳೆಯ ಹೊದಿಕೆ, ಎಂದಿನ ಕುರ್ಚಿ ಹೊಸ ಸಾಮಾನಿಗಿಂತ ಸಾವಿರ ಪಾಲು ಮೇಲು. ಕಾಲಿಗೆ ತೊಡರುವ ಚಿಕ್ಕ ಜಮಖಾನೆಗಳನ್ನು ಮಾತ್ರ ತರಬೇಡಿ.

ಸೇವಿಸುವ ಔಷಧಿಗಳ ಪಟ್ಟಿ, ಅಲರ್ಜಿಗಳು, ವೈದ್ಯರ ಮತ್ತು ಹತ್ತಿರದವರ ದೂರವಾಣಿ ಸಂಖ್ಯೆಗಳು, ಚಿಕಿತ್ಸೆಯ ಬಗ್ಗೆ ಹಿರಿಯರು ಬರೆದಿಟ್ಟ ಇಚ್ಛೆ ಇವುಗಳ ಪ್ರತಿಯನ್ನು ಮೊದಲ ದಿನವೇ ಶುಶ್ರೂಷಾ ಕೊಠಡಿಗೆ ಕೊಟ್ಟು, ಇನ್ನೊಂದು ಪ್ರತಿಯನ್ನು ಮನೆಯಲ್ಲಿ ಎಲ್ಲರಿಗೂ ಕಾಣುವಲ್ಲಿ ಇಡಿ. ಮೊದಲ ತಿಂಗಳಲ್ಲಿ ಮಕ್ಕಳ ಭೇಟಿ ಪದೇ ಪದೇ ಇರಲಿ, ಆದರೆ ಊಟದ ಹೊತ್ತನ್ನು ತಪ್ಪಿಸಿ ಬನ್ನಿ. ಹೊಸ ಪರಿಚಯಗಳು ಬೆಳೆಯುವುದು ಹೆಚ್ಚಾಗಿ ಊಟದ ಮೇಜಿನಲ್ಲೇ. ಮೂರು ತಿಂಗಳಾದ ಮೇಲೆ, ಮುಂದೆ ಪ್ರತಿ ಬಾರಿ ಆಸ್ಪತ್ರೆಯಿಂದ ಮರಳಿದಾಗ, ಮೊದಲ ಹಂತದ ಎರಡು ಪಟ್ಟಿಗಳನ್ನು ಹೊಸದಾಗಿ ತುಂಬಿ ಸಮುದಾಯದ ದಾದಿಯರೊಂದಿಗೆ ಚರ್ಚಿಸಿ, ಯಾವ ನೆರವನ್ನು ಸೇರಿಸಬೇಕು, ಯಾವುದನ್ನು ಬಿಡಬಹುದು ಎಂದು ತೀರ್ಮಾನಿಸಿ.